ಆಂಡಿ ವಾರ್ಹೋಲ್ ಯಾವ ದೇಶದವನು? ರುಸಿನ್ ಜನರ ಬಗ್ಗೆ ಗೊತ್ತಿದ್ದವರು ಹೇಳಿ

ಶರತ್_ಪಿಟ್ಸ್‌ಬರ್ಗ್

ಇಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ವಾರ್ಹೋಲ್ ಹೆಸರಲ್ಲಿ ಏಳು ಮಹಡಿಯ ಮ್ಯೂಸಿಯಂ ಇದೆ. ಊರಿಂದ ಯಾರೇ ಬಂದರೂ ವೆಂಕಟೇಶ್ವರ ದೇವಸ್ಥಾನ ಮುಗಿಸಿ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಸೂಪ್ ಡಬ್ಬಿ ಚಿತ್ರ ಮಾಡಿದವನು ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಆದರೆ ಅವನ ಅಪ್ಪ ಅಮ್ಮ ಎಲ್ಲಿಯವರು ಅಂತ ಹುಡುಕಿದರೆ ಒಂದು ಕಡೆ ಸ್ಲೊವಾಕ್, ಇನ್ನೊಂದು ಕಡೆ ಉಕ್ರೇನಿಯನ್, ಮತ್ತೊಂದು ಕಡೆ ಜೆಕೊಸ್ಲೊವಾಕಿಯಾದವರು. ಆಫೀಸಲ್ಲಿ ಒಬ್ಬಾಕೆ "ಅವನು ನಮ್ಮವನು, ರುಸಿನ್" ಅಂದಳು. ಪಕ್ಕದವನು "ಅಂದ್ರೆ ರಷ್ಯನ್ನಾ?" ಅಂದಿದ್ದಕ್ಕೆ ಆಕೆಗೆ ಸಿಟ್ಟೇ ಬಂತು. ಯಾರಿವರು? ಇತಿಹಾಸ ಓದಿಕೊಂಡವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಹಳೆನಕ್ಷೆ

ಶರತ್ ಅವರೇ, ನಿಮ್ಮ ಸಹೋದ್ಯೋಗಿ ಹೇಳಿದ್ದೇ ಸರಿ. ವಾರ್ಹೋಲನ ತಂದೆ ತಾಯಿ ಇಬ್ಬರೂ ಮಿಕೊವಾ ಅನ್ನುವ ಪುಟ್ಟ ಹಳ್ಳಿಯವರು. ಅವರು ಹುಟ್ಟಿದಾಗ ಅದು ಹಂಗೇರಿ ರಾಜ್ಯದಲ್ಲಿತ್ತು, ಈಗ ಸ್ಲೊವಾಕಿಯಾದ ಈಶಾನ್ಯ ಮೂಲೆಯಲ್ಲಿದೆ. ಮನೆಮಾತು ರುಸಿನ್. ಪೂರ್ವ ಸ್ಲಾವಿಕ್ ಗುಂಪಿನ ಭಾಷೆ, ಸಿರಿಲಿಕ್ ಲಿಪಿ.

ಕಾರ್ಪೇಥಿಯನ್ ಬೆಟ್ಟಸಾಲಿನ ಎರಡೂ ಮಗ್ಗುಲಲ್ಲಿ ಇವರ ಹಳ್ಳಿಗಳು. ಇವತ್ತಿನ ನಕ್ಷೆ ಹಿಡಿದರೆ ಉಕ್ರೇನಿನ ಜಕರ್ಪಾತ್ಯ ಪ್ರಾಂತ್ಯ, ಸ್ಲೊವಾಕಿಯಾದ ಪ್ರೆಶೊವ್ ಸೀಮೆ, ಪೋಲೆಂಡಿನ ಆಗ್ನೇಯ ಬೆಟ್ಟಗಳು (ಅಲ್ಲಿ ಇವರಿಗೆ ಲೆಮ್ಕೊ ಅಂತಾರೆ), ರೊಮೇನಿಯಾದ ಮರಮುರೆಶ್‌ನ ಒಂದು ಚೂರು. ಓಟ್ಸು, ಆಲೂಗಡ್ಡೆ, ಕುರಿ, ಕಾಡಿನ ಮರ, ಇಷ್ಟೇ ಬದುಕು. ಜಮೀನ್ದಾರ ಹಂಗೇರಿಯನ್ ಅಥವಾ ಪೋಲಿಷ್, ಅಂಗಡಿಯವನು ಬಹುಮಟ್ಟಿಗೆ ಯಹೂದಿ, ಉಳುವವನು ರುಸಿನ್. ಓದಿದವನು ಅಂದರೆ ಊರ ಪಾದ್ರಿ ಒಬ್ಬನೇ. ಹಾಗಾಗಿ ಇವರ ಮೊದಲ ಕವಿ, ಶಾಲಾ ಪುಸ್ತಕ ಬರೆದವನು, ಸಾಹಿತ್ಯ ಸಂಘ ಕಟ್ಟಿದವನು ಎಲ್ಲಾ ಒಬ್ಬನೇ, ಅವನೂ ಪಾದ್ರಿಯೇ: ಅಲೆಕ್ಸಾಂಡರ್ ದುಖ್ನೊವಿಚ್ (1803–1865). "ನಾನು ರುಸಿನ್ ಆಗಿದ್ದೆ, ಆಗಿದ್ದೇನೆ, ಆಗಿರುತ್ತೇನೆ" ಎಂದು ಶುರುವಾಗುವ ಅವನ ಪದ್ಯವನ್ನು ರುಸಿನ್ನರು ಇವತ್ತಿಗೂ ನಾಡಗೀತೆಯಾಗಿ ಹಾಡುತ್ತಾರೆ.

ಸುಮಾರು 1880ರಿಂದ 1914ರ ಒಳಗೆ ಎರಡು ಲಕ್ಷಕ್ಕೂ ಮಿಕ್ಕಿ ರುಸಿನ್ನರು ಅಮೆರಿಕಕ್ಕೆ ಬಂದರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ, ನಿಮ್ಮೂರಿನ ಉಕ್ಕಿನ ಕಾರ್ಖಾನೆ. ಪಾರ್ಕ್‌ವೇ ಈಸ್ಟ್‌ನಲ್ಲಿ ಹೋಗುವಾಗ ಕೆಳಗಿನ ತಗ್ಗಿನಲ್ಲಿ ಗುಮ್ಮಟದ ಚರ್ಚೊಂದು ಕಾಣುತ್ತಲ್ಲ, ಸೇಂಟ್ ಜಾನ್ ಕ್ರಿಸೊಸ್ಟಮ್, ವಾರ್ಹೋಲನಿಗೆ ದೀಕ್ಷಾಸ್ನಾನ ಆಗಿದ್ದು ಅಲ್ಲೇ. ಆ ಕೇರಿಗೆ ಆಗ ರುಸ್ಕಾ ದೊಲಿನಾ, ರುಸಿನ್ನರ ಕಣಿವೆ ಅಂತಲೇ ಹೆಸರು. ವಾರವಾರ ಅಮ್ಮನ ಜೊತೆ ಕೂತು ಆ ಹುಡುಗ ನೋಡುತ್ತಿದ್ದದ್ದು ಬಂಗಾರದ ಹಿನ್ನೆಲೆಯ, ಸಾಲಾಗಿ ಜೋಡಿಸಿದ ಸಂತರ ಮುಖಗಳನ್ನು. ಮರ್ಲಿನ್ ಮನ್ರೋ ಚಿತ್ರಗಳ ಮೂಲವೇ ಇದು ಎಂದು ಕಲಾವಿಮರ್ಶಕರು ಪುಟಗಟ್ಟಲೆ ಬರೆದಿದ್ದಾರೆ. ನನಗೆ ಅದು ಸ್ವಲ್ಪ ಎಳೆದಂತೆ ಕಾಣುತ್ತದೆ. ಅವನ ತಾಯಿ ಯೂಲಿಯಾ ವಿಷಯ ಮಾತ್ರ ಗಟ್ಟಿ. ಡಬ್ಬಿ ತಗಡು ಕತ್ತರಿಸಿ ಹೂವು ಮಾಡಿ ಮಾರುತ್ತಿದ್ದಳು, ಆಮೇಲೆ ನ್ಯೂಯಾರ್ಕಿನಲ್ಲಿ ಮಗನ ಜೊತೆ ಸುಮಾರು ಇಪ್ಪತ್ತು ವರ್ಷ ಇದ್ದಳು. ಅವನ ಎಷ್ಟೋ ಜಾಹೀರಾತು ಚಿತ್ರಗಳ ಮೇಲಿರುವ ಬಳ್ಳಿಯಂಥ ಅಕ್ಷರ ಅವಳ ಕೈಬರಹ.

ಗಿರಿಜಾ ಹು-ಧಾ

ಛಲೋ ಬರದೀರಿ ಸರ. ಆದ್ರ ನನಗೊಂದು ತಿಳಿವಲ್ದು. ಒಂದನೇ ಮಹಾಯುದ್ಧ ಮುಗದ ಮ್ಯಾಲೆ ಆ ಕಡೆ ಎಲ್ಲಾರಿಗೂ ಒಂದೊಂದು ದೇಶ ಸಿಕ್ತು. ಇವರಿಗ್ಯಾಕ ಸಿಗಲಿಲ್ಲ? ಯಾರೂ ಕೇಳಲೇ ಇಲ್ಲೇನು?

ಹಳೆನಕ್ಷೆ

ಕೇಳಿದರು ಗಿರಿಜಾ ಅವರೇ. ಕೇಳಿದ್ದು ಪೆನ್ಸಿಲ್ವೇನಿಯಾದಲ್ಲಿ ಕೂತು! ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು, ಉದ್ದವಾದರೆ ಬೈಯಬೇಡಿ.

ಗ್ರೆಗರಿ ಜಾಟ್ಕೊವಿಚ್ ಎಂಬ ವಕೀಲ. ಹುಟ್ಟಿದ್ದು ಕಾರ್ಪೇಥಿಯನ್ ಹಳ್ಳಿಯಲ್ಲಿ, ಬೆಳೆದಿದ್ದು ಅಮೆರಿಕದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವನು. ಅವನ ಅಪ್ಪ ವಲಸಿಗರ ದೊಡ್ಡ ಪತ್ರಿಕೆಯ ಸಂಪಾದಕ. ಆ ಪತ್ರಿಕೆ ಗ್ರೀಕ್ ಕ್ಯಾಥೊಲಿಕ್ ಯೂನಿಯನ್ (ಗ್ರೀಕ್ ಕ್ಯಾಥೊಲಿಕ್ ಅನ್ನುವುದು ಇವರ ಚರ್ಚು) ಎಂಬ ಸಂಘದ್ದು. 1892ರಲ್ಲಿ ಗಣಿ ಕಾರ್ಮಿಕರು ಸೇರಿ ಕಟ್ಟಿಕೊಂಡ ಜೀವವಿಮೆ ಸಂಘ ಅದು. ಗಣಿ ಕುಸಿದು ಸತ್ತರೆ ಹೆಂಡತಿ ಮಕ್ಕಳಿಗೆ ನಾಲ್ಕು ಕಾಸು ಸಿಗಲಿ ಅಂತ ಹುಟ್ಟಿದ ಸಂಘವೇ ಮುಂದೆ ರಾಜಕೀಯ ಪಕ್ಷದ ಕೆಲಸ ಮಾಡಿತು.

1918ರ ಅಕ್ಟೋಬರ್ 21ರಂದು ಜಾಟ್ಕೊವಿಚ್ ಅಧ್ಯಕ್ಷ ವಿಲ್ಸನ್‌ರನ್ನು ಭೇಟಿಯಾದ. ಪೂರ್ತಿ ಸ್ವಾತಂತ್ರ್ಯ ಆಗದ ಮಾತು, ಯಾವುದಾದರೂ ದೊಡ್ಡ ರಾಜ್ಯದೊಳಗೆ ಸ್ವಾಯತ್ತತೆ ಕೇಳಿ ಎಂದರು ವಿಲ್ಸನ್. ಜಾಟ್ಕೊವಿಚ್ ಫಿಲಡೆಲ್ಫಿಯಾದಲ್ಲಿ, ಜೆಕೊಸ್ಲೊವಾಕಿಯಾ ಕಟ್ಟಲು ಹೊರಟಿದ್ದ ನಾಯಕ ಮಸಾರಿಕ್ ಜೊತೆ ಮಾತಾಡಿದ. ನವೆಂಬರಿನಲ್ಲಿ ಸ್ಕ್ರ್ಯಾಂಟನ್ ಊರಲ್ಲಿ ಸಭೆ ಸೇರಿ ಜೆಕೊಸ್ಲೊವಾಕಿಯಾ ಸೇರೋಣ ಎಂಬ ನಿರ್ಣಯ. ಡಿಸೆಂಬರಿನಲ್ಲಿ ಸಂಘದ ಶಾಖೆಗಳಲ್ಲಿ ಮತದಾನ: ಜೆಕೊಸ್ಲೊವಾಕಿಯಾಕ್ಕೆ ಶೇ. 67, ಉಕ್ರೇನಿಗೆ ಶೇ. 28. ಉಳಿದ ಚೂರುಪಾರು ಸ್ವಾತಂತ್ರ್ಯ, ರಷ್ಯಾ, ಹಂಗೇರಿ ಎಂದು ಹಂಚಿಹೋಯಿತು. ಯೋಚಿಸಿ ನೋಡಿ, ನಾಡು ಅಲ್ಲಿ, ಮತಪೆಟ್ಟಿಗೆ ಇಲ್ಲಿ. ಬೆಟ್ಟದಲ್ಲಿದ್ದವರು ಒಂದು ಕಡೆ ಹಂಗೇರಿ, ಇನ್ನೊಂದು ಕಡೆ ಉಕ್ರೇನ್, ಮಗದೊಂದು ಕಡೆ ಜೆಕ್ ಎಂದು ಮೂರು ಸಭೆ ಮಾಡಿಕೊಂಡು ಕಚ್ಚಾಡುತ್ತಿದ್ದರು. ಕೊನೆಗೆ 1919ರ ಮೇ 8ರಂದು ಆ ಸೀಮೆಯ ಮುಖ್ಯ ಪಟ್ಟಣ ಉಜ್‌ಹೊರೊದ್‌ನಲ್ಲಿ ಸೇರಿದ ಮಂಡಳಿ ಅಮೆರಿಕದ ನಿರ್ಣಯಕ್ಕೇ ಒಪ್ಪಿಗೆ ಕೊಟ್ಟಿತು. ಸೆಪ್ಟೆಂಬರಿನ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ ಸ್ವಾಯತ್ತತೆಯ ಭರವಸೆಯೂ ಬಂತು.

1920ರಲ್ಲಿ ಜಾಟ್ಕೊವಿಚ್ ಮೊದಲ ಗವರ್ನರ್. ಹೋಗಿ ನೋಡಿದರೆ ಅಧಿಕಾರವೆಲ್ಲ ಪ್ರಾಗ್‌ನಿಂದ ಬಂದ ಜೆಕ್ ಅಧಿಕಾರಿಯ ಕೈಯಲ್ಲಿ. ಪ್ರೆಶೊವ್ ಸೀಮೆಯ ರುಸಿನ್ನರನ್ನು ಸ್ಲೊವಾಕಿಯಾದ ಪಾಲಿಗೆ ಬಿಟ್ಟು ಗಡಿ ಎಳೆದಾಗಿತ್ತು. ಮುಂದಿನ ವರ್ಷವೇ ರಾಜೀನಾಮೆ ಬಿಸಾಕಿ ಪಿಟ್ಸ್‌ಬರ್ಗಿಗೆ ವಾಪಸ್ ಬಂದು ವಕೀಲಿ ಹಿಡಿದ. ಕೊಟ್ಟ ಸ್ವಾಯತ್ತತೆ ಜಾರಿಯಾಗಿದ್ದು 1938ರ ಅಕ್ಟೋಬರಿನಲ್ಲಿ, ದೇಶವೇ ಮುಳುಗುವ ಹೊತ್ತಿಗೆ. ತಿಂಗಳೊಳಗೆ ಉಜ್‌ಹೊರೊದ್, ಮುಕಾಚೆವೊ ಎರಡೂ ಹಂಗೇರಿ ಪಾಲಾದವು, ರಾಜಧಾನಿ ಖುಸ್ತ್ ಊರಿಗೆ ಹೋಯಿತು. 1939ರ ಮಾರ್ಚ್ 15ಕ್ಕೆ ಅವ್ಗುಸ್ತಿನ್ ವೊಲೊಶಿನ್ ಅಲ್ಲಿ ಕಾರ್ಪಾಥೊ-ಉಕ್ರೇನ್ ಎಂಬ ಸ್ವತಂತ್ರ ರಾಷ್ಟ್ರ ಘೋಷಿಸಿದರು. ಅಷ್ಟರಲ್ಲಿ ಹಂಗೇರಿಯ ಸೈನ್ಯ ಒಳಗೆ ನುಗ್ಗಿಯಾಗಿತ್ತು. ಆ ವೊಲೊಶಿನ್ ಕೂಡ ಪಾದ್ರಿಯೇ ಅನ್ನಿ.

ಬೆಂಚು_ಕಾಯಿಸುವವ

ಅಜ್ಜ ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, ಶಾಲೆ ಜೆಕೊಸ್ಲೊವಾಕಿಯಾದಲ್ಲಿ, ಮದುವೆ ಹಂಗೇರಿಯಲ್ಲಿ, ನೌಕರಿ ಸೋವಿಯತ್ ಒಕ್ಕೂಟದಲ್ಲಿ, ಪಿಂಚಣಿ ಉಕ್ರೇನಿನಲ್ಲಿ. ಮುಕಾಚೆವೊ ಬಿಟ್ಟು ಕದಲಿದ್ದೇ ಇಲ್ಲ. ಈ ಜೋಕು ಇವರದ್ದೇ ಅಲ್ವಾ?

ಹಳೆನಕ್ಷೆ

ಅವರದ್ದೇ. ಆ ಪ್ರಾಂತ್ಯಕ್ಕೆ ಹೋದ ಪತ್ರಕರ್ತರೆಲ್ಲ ಅದನ್ನೇ ಬರೆದು ಬರೆದು ಸವೆಸಿದ್ದಾರೆ. ಬೆಟ್ಟದ ಆಚೆ, ಪೋಲೆಂಡಿನ ಲೆಮ್ಕೊ ಹಳ್ಳಿಗಳಿಗೆ ಇದು ಹೊಂದುವುದೂ ಇಲ್ಲ. ಅಲ್ಲಿ ಜನರನ್ನೇ ಎತ್ತಿ ಒಯ್ದರು.

ಕೆಂಪುಶಾಯಿ

ಕ್ಷಮಿಸಿ, ಇದನ್ನು ಇಷ್ಟು ಮುಗ್ಧವಾಗಿ ಓದೋದು ಕಷ್ಟ. ಉಕ್ರೇನಿನ ವಿದ್ವಾಂಸರಲ್ಲಿ ಬಹುಪಾಲು ಜನರ ಪ್ರಕಾರ ರುಸಿನ್ ಅನ್ನೋದು ಉಕ್ರೇನಿಯನ್ನರ ಒಂದು ಪ್ರಾದೇಶಿಕ ಗುಂಪು. ಉಕ್ರೇನಿಯನ್ನರಿಗೂ ಹಳೇ ಹೆಸರು ರುಸಿನ್ನರೇ ತಾನೆ? ಉಕ್ರೇನನ್ನು ಒಡೆಯೋಕೆ ಮಾಸ್ಕೋ ಉಬ್ಬಿಸಿದ ಬಲೂನು ಇದು.

ನೇತ್ರಾವತಿ_ಕೋಶಿತ್ಸೆ

ಬಲೂನು ಅಂತ ಹೇಳಿ ಮುಗಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ನಾನು ಸ್ಲೊವಾಕಿಯಾದ ಕೋಶಿತ್ಸೆಯಲ್ಲಿ ಕೆಲಸಕ್ಕೆ ಇರುವುದು, ಪ್ರೆಶೊವ್ ಇಲ್ಲಿಂದ ಅರ್ಧ ಗಂಟೆ. ನಮ್ಮ ಮನೆಯ ಓನರ್ ಅಜ್ಜಿ ರುಸಿನ್. ಅವರ ಹತ್ರ ಕೇಳಿದ್ದು, ಮತ್ತೆ ಇಲ್ಲಿ ಓದಿದ್ದು ಸೇರಿಸಿ ಬರಿತೇನೆ.

ಮೊದಲು ಉಕ್ರೇನಿನದ್ದು. 1991 ಡಿಸೆಂಬರ್ 1ರಂದು ಉಕ್ರೇನಿನ ಸ್ವಾತಂತ್ರ್ಯಕ್ಕೆ ಮತ ಹಾಕಿದ ದಿನವೇ ಜಕರ್ಪಾತ್ಯದಲ್ಲಿ ಇನ್ನೊಂದು ಪ್ರಶ್ನೆ ಕೂಡ ಇತ್ತು: ಪ್ರಾಂತ್ಯಕ್ಕೆ ವಿಶೇಷ ಸ್ವಯಮಾಡಳಿತ ಬೇಕಾ ಅಂತ. ಶೇ. 78 ಜನ ಬೇಕು ಅಂದ್ರು. ಅದೇ ಜನ ಸ್ವಾತಂತ್ರ್ಯಕ್ಕೆ ಶೇ. 92ರಷ್ಟು ಹೌದು ಅಂದದ್ದೂ ಉಂಟು. ಎರಡೂ ಒಟ್ಟಿಗೆ. ಕೀವ್‌ನವರು ಒಂದನ್ನು ಇಟ್ಟುಕೊಂಡ್ರು, ಇನ್ನೊಂದನ್ನು ಮೂಲೆಗೆ ಹಾಕಿದ್ರು. 2001ರ ಜನಗಣತಿಯಲ್ಲಿ ಉಕ್ರೇನಿನಲ್ಲಿ ರುಸಿನ್ ಅಂತ ಬರೆಸಿದವರು ಬರೇ ಹತ್ತು ಸಾವಿರದಷ್ಟು, ಅದೂ ಸರಕಾರ ಅದನ್ನು ಪ್ರತ್ಯೇಕ ಜನಾಂಗ ಅಂತ ಒಪ್ಪದೇ ಇರುವಾಗ. 2007ರಲ್ಲಿ ಪ್ರಾಂತ್ಯದ ಮಂಡಳಿ ಒಪ್ಪಿತು, ಕೀವ್ ಒಪ್ಪಲಿಲ್ಲ. ಇದರ ಎಡೆಯಲ್ಲಿ ಮಾಸ್ಕೋದವರು ಮೀನು ಹಿಡಿಲಿಕ್ಕೆ ಬಂದದ್ದು ನಿಜ. ಆದ್ರೆ ಮೀನು ಹಿಡಿಲಿಕ್ಕೆ ಬಂದವನು ಹೊಳೆ ಮಾಡಿದವನಾ?

ಈಗ ಸ್ಲೊವಾಕಿಯಾದ್ದು. 1950ರಲ್ಲಿ ಕಮ್ಯುನಿಸ್ಟ್ ಸರಕಾರ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೇ ರದ್ದು ಮಾಡಿತು. ಬಿಷಪ್ ಪಾವೆಲ್ ಗೊಯ್ದಿಚ್ ಅವರನ್ನು ಜೈಲಿಗೆ ಹಾಕಿದ್ರು, 1960ರಲ್ಲಿ ಜೈಲಿನಲ್ಲೇ ತೀರಿಹೋದ್ರು. ಯುದ್ಧದ ಸಮಯ ಯಹೂದಿಗಳನ್ನು ಕಾಪಾಡಿದ ಮನುಷ್ಯ ಅವರು. 1952ರಲ್ಲಿ ಮತ್ತೊಂದು ಪೆಟ್ಟು: ರುಸಿನ್ ಅಂತ ಯಾರೂ ಇಲ್ಲ, ನೀವೆಲ್ಲ ಉಕ್ರೇನಿಯನ್ನರು ಅಂತ ಹೇಳಿ ಶಾಲೆಗಳನ್ನು ಉಕ್ರೇನಿಯನ್ ಮಾಧ್ಯಮಕ್ಕೆ ಬದಲಿಸಿದ್ರು. ಅಪ್ಪ ಅಮ್ಮಂದಿರು ಏನು ಮಾಡಿದ್ರು ಗೊತ್ತುಂಟಾ? ಅರ್ಥ ಆಗದ ಉಕ್ರೇನಿಯನ್‌ಗಿಂತ ಮಕ್ಕಳ ನೌಕರಿಗೆ ಆಗುವ ಸ್ಲೊವಾಕ್ ಶಾಲೆಯೇ ಕೊಡಿ ಅಂತ ಅರ್ಜಿ ಹಾಕಿದ್ರು. ಎರಡು ತಲೆಮಾರಿನಲ್ಲಿ ಊರಿಗೆ ಊರೇ ಸ್ಲೊವಾಕ್ ಆಯ್ತು. ಕೆಂಪುಶಾಯಿ ಅವರೇ, ಉಕ್ರೇನಿಯನ್ ಮಾಡ್ಲಿಕ್ಕೆ ಹೊರಟು ಉಕ್ರೇನಿಯನ್ನರೂ ಆಗಲಿಲ್ಲ, ರುಸಿನ್ನರೂ ಉಳಿಯಲಿಲ್ಲ. ಅದನ್ನು ಮಾಡಿದವರು ಯಾರು ಅಂತ ನೀವೇ ಹೇಳಿ.

1995 ಜನವರಿಯಲ್ಲಿ ಬ್ರಾತಿಸ್ಲಾವಾದಲ್ಲಿ ರುಸಿನ್ ಭಾಷೆಯ ಬರವಣಿಗೆ ರೂಪ ಅಧಿಕೃತವಾಗಿ ಘೋಷಣೆ ಆಯ್ತು. 2021ರ ಜನಗಣತಿಯಲ್ಲಿ 23,746 ಜನ ರುಸಿನ್ ಅಂತ ಬರೆಸಿದ್ದಾರೆ. ಆ ಸಲ ಮೊದಲ ಬಾರಿಗೆ ಇನ್ನೊಂದು ಜನಾಂಗದ ಹೆಸರನ್ನೂ ಬರೆಸ್ಲಿಕ್ಕೆ ಎರಡನೇ ಕಾಲಂ ಕೊಟ್ರು, ಅದರಲ್ಲಿ ಇನ್ನೂ 39,810 ಜನ! ಅಜ್ಜಿಯ ಮಗನೂ ಎರಡನೇ ಕಾಲಂನವನೇ. ಅಜ್ಜಿಗೆ ಅದೇ ಬೇಜಾರು, "ನನ್ನನ್ನು ಎರಡನೇ ಕಾಲಂಗೆ ಹಾಕಿದ" ಅಂತ.

ಸ್ತಾರಿನಾ ಅಂತ ಒಂದು ಅಣೆಕಟ್ಟು ಉಂಟು ಇಲ್ಲಿ, ಪೂರ್ವ ಸ್ಲೊವಾಕಿಯಾದ ಕುಡಿಯುವ ನೀರಿಗೆ. 1980ರ ದಶಕದಲ್ಲಿ ಅದಕ್ಕೋಸ್ಕರ ಏಳು ರುಸಿನ್ ಹಳ್ಳಿ ಎಬ್ಬಿಸಿದ್ರು. ಎಲ್ಲಾ ಹಳ್ಳಿ ಮುಳುಗಲೂ ಇಲ್ಲ, ನೀರಿಗೆ ಕೊಳೆ ಸೇರಬಾರದು ಅಂತ ಖಾಲಿ ಮಾಡಿಸಿದ್ದು. ಸ್ಮಶಾನಗಳು ಹಾಗೇ ಉಂಟು. ವರ್ಷಕ್ಕೊಮ್ಮೆ ಜನ ಹೋಗಿ ಹುಲ್ಲು ತೆಗೆದು ಮೊಂಬತ್ತಿ ಹಚ್ಚಿ ಬರ್ತಾರೆ.

ಹೊಸನಗರ_ಮೋಹನ

ನೇತ್ರಾವತಿ ಅಕ್ಕ, ಶರಾವತಿ ಕಡೆಯವರಿಗೆ ಕೊನೆಯ ಪ್ಯಾರಾ ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪುಶಾಯಿ

ಒಪ್ಪಿದೆ ಅಂತಲ್ಲ. ಆದರೆ 1952ರ ಶಾಲೆಯ ವಿಷಯ ಓದಬೇಕು. ಇನ್ನೊಂದು ಕೇಳ್ತೀನಿ: ಅಮೆರಿಕದಲ್ಲಿ ಇವರನ್ನು ಅರ್ಧ ಜನ ರಷ್ಯನ್ನರು ಅಂತ ಕರೀತಾರಲ್ಲ, ಚರ್ಚಿನ ಹೆಸರೂ "ಕಾರ್ಪಾಥೊ-ರಷ್ಯನ್" ಅಂತಿದೆ. ಅದು ಮಾಸ್ಕೋ ಕೈವಾಡ ಅಲ್ಲದೆ ಮತ್ತೇನು?

ಹಳೆನಕ್ಷೆ

ಅದರ ಹಿಂದೆ ಇರುವುದು ಮಾಸ್ಕೋಗಿಂತ ಹೆಚ್ಚಾಗಿ ಮಿನ್ನೆಸೋಟಾ. ತಮಾಷೆ ಅಲ್ಲ, ಕೇಳಿ.

1646ರಲ್ಲಿ ಉಜ್‌ಹೊರೊದ್ ಕೋಟೆಯಲ್ಲಿ 63 ಪಾದ್ರಿಗಳು ರೋಮಿನ ಪೋಪರನ್ನು ಒಪ್ಪಿಕೊಂಡರು. ಆದರೆ ಪೂಜಾಪದ್ಧತಿ ಹಳೆಯ ಬೈಜಾಂಟೈನ್ ರೀತಿಯದೇ ಇರಬೇಕು, ಪಾದ್ರಿಗಳು ಮದುವೆಯಾಗಿಯೇ ಇರಬಹುದು ಎಂಬ ಕರಾರಿನ ಮೇಲೆ. ಅದೇ ಗ್ರೀಕ್ ಕ್ಯಾಥೊಲಿಕ್ ಚರ್ಚು. ಬೆಟ್ಟದಲ್ಲಿ ಇದು ಇನ್ನೂರು ವರ್ಷಕ್ಕೂ ಮಿಕ್ಕಿ ನಡೆದುಕೊಂಡು ಬಂತು. ಅಮೆರಿಕಕ್ಕೆ ಬಂದಾಗ ಇಲ್ಲಿನ ಐರಿಷ್ ಮೂಲದ ಕ್ಯಾಥೊಲಿಕ್ ಬಿಷಪ್ಪರಿಗೆ ಇದೆಲ್ಲ ವಿಚಿತ್ರ. ಹೆಂಡತಿ ಮಕ್ಕಳಿರುವ ಕ್ಯಾಥೊಲಿಕ್ ಪಾದ್ರಿಯೇ?

1889ರಲ್ಲಿ ಅಲೆಕ್ಸಿಸ್ ತೋತ್ ಎಂಬ ಪಾದ್ರಿ ಮಿನ್ನೆಸೋಟಾದ ಮಿನಿಯಾಪೊಲಿಸ್‌ಗೆ ಬಂದು, ಕ್ರಮದಂತೆ ಸ್ಥಳೀಯ ಆರ್ಚ್‌ಬಿಷಪ್ ಜಾನ್ ಐರ್ಲೆಂಡ್‌ರನ್ನು ಕಾಣಲು ಹೋದರು. ತೋತ್ ಮುಂದೆ ತಾವೇ ಹೇಳಿಕೊಂಡಂತೆ, ಕಾಗದ ಓದುತ್ತಾ ಓದುತ್ತಾ ಐರ್ಲೆಂಡರ ಕೈ ನಡುಗತೊಡಗಿತಂತೆ. ನಿನಗೆ ಹೆಂಡತಿ ಇದ್ದಾಳೆಯೇ ಎಂದು ಕೇಳಿದರು. ಇಲ್ಲ. ಇದ್ದಳೇ? ಹೌದು, ವಿಧುರ ನಾನು. ಕಾಗದ ಮೇಜಿನ ಮೇಲೆ ಬಿತ್ತು, ಇಲ್ಲಿ ನಿನಗೆ ಕೆಲಸವಿಲ್ಲ ಎಂದುಬಿಟ್ಟರು. ತೋತ್ ಸುಮ್ಮನಿರಲಿಲ್ಲ. ಅಲಾಸ್ಕಾ ರಷ್ಯಾದ ಕೈಯಲ್ಲಿದ್ದ ಕಾಲದಿಂದಲೂ ಅಮೆರಿಕದಲ್ಲಿದ್ದ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಬಿಷಪ್ಪರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದರು. ಅವರನ್ನು ಹುಡುಕಿಕೊಂಡು ಹೋಗಿ 1891ರಲ್ಲಿ 361 ಜನ ಭಕ್ತರ ಸಮೇತ ಆ ಚರ್ಚಿಗೆ ಸೇರಿದರು. ಅವರ ಹಿಂದೆ ಪೆನ್ಸಿಲ್ವೇನಿಯಾದ ಊರೂರಲ್ಲಿ ಸಾವಿರಾರು ಜನ ಹೋದರು. ಚರ್ಚಿನ ಜೊತೆಗೆ "ನಾವು ರಷ್ಯನ್ನರು" ಎಂಬ ಗುರುತೂ ಅಂಟಿಕೊಂಡಿತು. ಜಾರ್ ಸರಕಾರದ ದುಡ್ಡೂ ಬರುತ್ತಿತ್ತು, ಆ ಮಟ್ಟಿಗೆ ನಿಮ್ಮ ಮಾತು ನಿಜ. 1994ರಲ್ಲಿ ಅಮೆರಿಕದ ಆರ್ಥೊಡಾಕ್ಸ್ ಚರ್ಚು ತೋತ್‌ರನ್ನು ಸಂತರೆಂದು ಘೋಷಿಸಿತು. ಅವರ ಮಟ್ಟಿಗೆ ಐರ್ಲೆಂಡ್ ದೊಡ್ಡ ಉಪಕಾರಿ ಅಂತ ನಾನು ನಗುವುದುಂಟು.

ಅಷ್ಟಕ್ಕೂ ಬುದ್ಧಿ ಬರಲಿಲ್ಲ. 1929ರಲ್ಲಿ ಅಮೆರಿಕದ ಪೂರ್ವಪದ್ಧತಿಯ ಪಾದ್ರಿಗಳೆಲ್ಲ ಬ್ರಹ್ಮಚಾರಿಗಳೇ ಆಗಿರಬೇಕೆಂದು ರೋಮಿನಿಂದ ಆಜ್ಞೆ. ಮತ್ತೆ ಒಡಕು. ಒರೆಸ್ಟಿಸ್ ಚೊರ್ನಾಕ್ ಮುಂದಾಳುತನದಲ್ಲಿ ಹೊರಟವರು 1938ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಆರ್ಥೊಡಾಕ್ಸ್ ಮುಖ್ಯಗುರುವಿನ ಕೆಳಗೆ ತಮ್ಮದೇ ಧರ್ಮಪ್ರಾಂತ್ಯ ಕಟ್ಟಿಕೊಂಡರು, ನೀವು ಹೇಳಿದ "ಕಾರ್ಪಾಥೊ-ರಷ್ಯನ್" ಅದೇ. ಮಾಸ್ಕೋ ಕೆಳಗೆ ಇಲ್ಲವೇ ಇಲ್ಲ. ಒಂದೇ ಊರಿಂದ ಬಂದ ಅಣ್ಣತಮ್ಮಂದಿರು ಒಂದೇ ಬೀದಿಯ ಎರಡು ಚರ್ಚಿಗೆ ಹೋಗುತ್ತಾ, ಆಸ್ತಿ ಯಾರದೆಂದು ಕೋರ್ಟಿನಲ್ಲಿ ಹೊಡೆದಾಡಿದರು. ಮದುವೆಯ ನಿಷೇಧವನ್ನು ಪೋಪ್ ಫ್ರಾನ್ಸಿಸ್ ತೆಗೆದುಹಾಕಿದ್ದು 2014ರಲ್ಲಿ!

ನನ್ನ ಅಭಿಪ್ರಾಯ ಕೇಳಿದರೆ, ರುಸಿನ್ನರನ್ನು ಹರಿದು ಹಂಚಿದ್ದು ಗಡಿಗಿಂತ ಹೆಚ್ಚಾಗಿ ಚರ್ಚಿನ ಬಾಗಿಲು. ಯಾವ ಬಾಗಿಲಿಂದ ಒಳಗೆ ಹೋದೆಯೋ ಆ ಹೆಸರು ನಿನಗೆ.

ಗಿರಿಜಾ ಹು-ಧಾ

ಹೆಂಡ್ತಿ ಇದ್ದದ್ದಕ್ಕ ಒಂದು ಜನಾಂಗನ ಎರಡು ಹೋಳಾತು ಅಂದ್ರ! ಅದೂ ಸತ್ತುಹೋದ ಹೆಂಡ್ತಿ ಸಲುವಾಗಿ. ಲೆಮ್ಕೊ ಮಂದೀನ್ನ ಎತ್ತಿ ಒಯ್ದ್ರು ಅಂದ್ರಲ್ಲಾ ಸರ, ಅದನ್ನ ಹೇಳಲೇ ಇಲ್ಲ.

ಕುಂಚ_ಬಣ್ಣ

ಅದಕ್ಕೆ ನಾನು ಉತ್ತರ ಕೊಡ್ತೀನಿ, ನಿಕಿಫೋರ್ ಮೂಲಕ. ನಾನು ಕಲಾಶಾಲೆಯಲ್ಲಿ ಓದುವಾಗ ಸಿಕ್ಕಿದ ಹೆಸರು.

ಪೋಲೆಂಡಿನ ಕ್ರಿನಿತ್ಸಾ ಅನ್ನೋದು ಔಷಧಿ ನೀರಿನ ಬುಗ್ಗೆಗಳ ಊರು. ಅಲ್ಲಿ ಗೋಡೆ ಪಕ್ಕ ಕೂತು ಚಿತ್ರ ಬರೆದು ಮಾರುತ್ತಿದ್ದ ಲೆಮ್ಕೊ ಮನುಷ್ಯ ನಿಕಿಫೋರ್ (1895–1968). ತಾಯಿ ಬಡ ಕೂಲಿಯಾಳು, ಕಿವುಡಿ. ಇವನ ಮಾತು ಜನಕ್ಕೆ ಅರ್ಥವೇ ಆಗುತ್ತಿರಲಿಲ್ಲ. ಸಿಗರೇಟ್ ಪ್ಯಾಕು, ನೋಟ್‌ಬುಕ್ ರಟ್ಟು, ಏನು ಸಿಕ್ಕಿದರೂ ಅದರ ಮೇಲೆ ಜಲವರ್ಣ: ಗುಮ್ಮಟದ ಚರ್ಚುಗಳು, ರೈಲು ನಿಲ್ದಾಣ, ಬಿಷಪ್ ವೇಷದಲ್ಲಿ ತಾನೇ. ಕೆಳಗೆ ಏನೋ ಬರೆದಿರುತ್ತಾನೆ, ಅಕ್ಷರ ಜೋಡಿಸಿದರೆ ಪದ ಆಗೋದಿಲ್ಲ.

1947ರ ಏಪ್ರಿಲ್ 28ಕ್ಕೆ ಪೋಲೆಂಡಿನ ಕಮ್ಯುನಿಸ್ಟ್ ಸರಕಾರ ವಿಸ್ತುಲಾ ಕಾರ್ಯಾಚರಣೆ ಶುರು ಮಾಡಿತು. ಉಕ್ರೇನಿಯನ್ ಬಂಡುಕೋರರಿಗೆ ಆಸರೆ ಸಿಗಬಾರದು ಅನ್ನೋದು ನೆಪ. ಸುಮಾರು 1,40,000 ಉಕ್ರೇನಿಯನ್ನರು ಮತ್ತು ಲೆಮ್ಕೊಗಳನ್ನು ಗಾಡಿಗೆ ತುಂಬಿ, ಜರ್ಮನರು ಖಾಲಿ ಮಾಡಿದ್ದ ಪಶ್ಚಿಮ ಮತ್ತು ಉತ್ತರದ ಜಿಲ್ಲೆಗಳಲ್ಲಿ ಚೆಲ್ಲಾಪಿಲ್ಲಿಯಾಗಿ ಇಳಿಸಿದರು. ಒಂದೂರಿನವರು ಒಂದೇ ಕಡೆ ಸೇರದ ಹಾಗೆ ಲೆಕ್ಕ ಹಾಕಿ. ನಿಕಿಫೋರ್‌ನನ್ನೂ ಸಾಗಿಸಿದರು. ಆತ ವಾಪಸ್ ಕ್ರಿನಿತ್ಸಾಕ್ಕೆ ನಡೆದುಕೊಂಡು ಬಂದ. ಮತ್ತೆ ಸಾಗಿಸಿದರು, ಮತ್ತೆ ಬಂದ. ಕೊನೆಗೆ ಅಧಿಕಾರಿಗಳೇ ಕೈಬಿಟ್ಟರು. ಈಗ ಆ ಊರಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ಲೆಮ್ಕೊಗಳು ಈಗಲೂ ಪ್ರತಿ ಬೇಸಿಗೆ ಜ್ದಿನ್ಯಾ ಹಳ್ಳಿಯಲ್ಲಿ ದೊಡ್ಡ ಬೆಂಕಿ ಹಾಕಿ ಹಬ್ಬ ಮಾಡ್ತಾರೆ. ಆ ಹಬ್ಬದಲ್ಲೂ ಜಗಳ ಇದೆ: ನಡೆಸುವವರು ಉಕ್ರೇನಿಯನ್ ಒಲವಿನವರು, ಅವರ ಜೊತೆ ನಾವಿಲ್ಲ ಅನ್ನುವ ಬಣ ಲೆಗ್ನಿತ್ಸಾ ಊರಿನಲ್ಲಿ.

ಶರತ್_ಪಿಟ್ಸ್‌ಬರ್ಗ್

ಇಷ್ಟೊಂದು ಬರುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನಾನು ಸಹೋದ್ಯೋಗಿಗೆ ಜಾಟ್ಕೊವಿಚ್ ಹೆಸರು ಹೇಳಿದ್ದೇ ತಡ, ಈಸ್ಟರ್ ಬುಟ್ಟಿ ತೋರಿಸ್ತೀನಿ ಬಾ ಅಂತ ಮನೆಗೆ ಕರೆದಳು. ಬುಟ್ಟಿಯಲ್ಲಿ ಪಾಸ್ಕಾ ಅನ್ನೋ ಗುಂಡು ಬ್ರೆಡ್, ಬೀಟ್‌ರೂಟ್ ಹಾಕಿ ಅರೆದ ಖಾರದ ಬೇರು, ಸಾಸೇಜು, ಬಣ್ಣದ ಮೊಟ್ಟೆ. ಆ ಮೊಟ್ಟೆ ಮೇಲಿನ ಚಿತ್ತಾರ ಗುಂಡುಸೂಜಿ ತಲೆಯಿಂದ ಮಾಡಿದ್ದು: ಬಿಸಿ ಜೇನುಮೇಣದಲ್ಲಿ ಅದ್ದಿ, ಚುಕ್ಕಿ ಇಟ್ಟು, ಆರುವುದರೊಳಗೆ ಎಳೆದರೆ ಮಳೆಹನಿಯ ಆಕಾರ ಬರುತ್ತೆ. ಮತ್ತೊಂದು, ಹ್ರುದ್ಕಾ ಅಂತೆ. ಹಾಲಿಗೆ ಮೊಟ್ಟೆಗಳನ್ನು ಒಡೆದು ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಬೇಕು, ಒಡೆದ ತಕ್ಷಣ ಬಟ್ಟೆಯಲ್ಲಿ ಕಟ್ಟಿ ನಲ್ಲಿಗೆ ನೇತುಹಾಕೋದು. ಮರುದಿನ ಚೆಂಡಿನ ಹಾಗೆ ಗಟ್ಟಿ. ಕತ್ತರಿಸಿ ಬಾಯಿಗಿಟ್ಟರೆ ಸಪ್ಪೆ ಗಿಣ್ಣಿನ ಹಾಗಿತ್ತು. ಬುಟ್ಟಿಯನ್ನು ಚರ್ಚಿಗೆ ಒಯ್ದು ಆಶೀರ್ವಾದ ಆದ ಮೇಲೇ ಉಪವಾಸ ಬಿಡೋದು.

ನೇತ್ರಾವತಿ_ಕೋಶಿತ್ಸೆ

ಶರತ್, ಚರ್ಚಿಗೆ ಹೋದ್ರೆ ಹಾಡು ಕೇಳಿ ಬನ್ನಿ. ಆರ್ಗನ್ ಇಲ್ಲ, ಪ್ರತ್ಯೇಕ ಗಾಯಕರ ತಂಡ ಬೇಕೆಂದಿಲ್ಲ. ಒಬ್ಬ ದ್ಯಾಕ್, ಅಂದ್ರೆ ಮುಂದಾಳು ಹಾಡುಗಾರ, ಎತ್ತಿಕೊಡ್ತಾನೆ, ಇಡೀ ಊರು ಹಾಡ್ತದೆ. ಪ್ರೊಸ್ತೊಪಿನಿಯೆ ಅಂತ ಹೆಸರು. 1906ರಲ್ಲಿ ಉಜ್‌ಹೊರೊದ್‌ನಲ್ಲಿ ಬೊಕ್ಷಾಯ್ ಮತ್ತೆ ಮಾಲಿನಿಚ್ ಅಂತ ಇಬ್ಬರು ಅದನ್ನು ಸ್ವರ ಹಾಕಿ ಅಚ್ಚು ಮಾಡಿಸಿದ್ರು, ಅದೇ ಪುಸ್ತಕದ ರಾಗ ಪೆನ್ಸಿಲ್ವೇನಿಯಾದಲ್ಲೂ ನಡೀತದೆ. ಪದ ಈಗ ಇಂಗ್ಲಿಷ್ ಆಗಿದೆ, ರಾಗ ಬದಲಾಗಲಿಲ್ಲ.

ಬೆಂಚು_ಕಾಯಿಸುವವ

ಎಲ್ಲಾ ಸರಿ, ಈ ಭಾಷೆ ಎಲ್ಲಾದರೂ ಸರಕಾರಿ ಭಾಷೆ ಆಗಿದೆಯಾ?

ಹಳೆನಕ್ಷೆ

ಆಗಿದೆ, ಬೆಟ್ಟದಿಂದ ಬಲು ದೂರ, ಸರ್ಬಿಯಾದ ಬಯಲಲ್ಲಿ. ತುರ್ಕರು ಹೋದ ಮೇಲೆ ಖಾಲಿ ಬಿದ್ದಿದ್ದ ಬಾಚ್ಕಾ ಸೀಮೆಗೆ 18ನೇ ಶತಮಾನದ ಮಧ್ಯದಲ್ಲಿ ಕೆಲವು ನೂರು ರುಸಿನ್ ಕುಟುಂಬಗಳು ಇಳಿದು ಬಂದವು. ರುಸ್ಕಿ ಕ್ರಸ್ತುರ್ ಅವರ ಮೊದಲ ಊರು. ಈಗ ವೊಯ್ವೊದಿನಾ ಪ್ರಾಂತ್ಯದ ಆರು ಅಧಿಕೃತ ಭಾಷೆಗಳಲ್ಲಿ ರುಸಿನ್ ಒಂದು. ಕ್ರಸ್ತುರ್‌ನಲ್ಲಿ ರುಸಿನ್ ಮಾಧ್ಯಮದ ಹೈಸ್ಕೂಲು ಇದೆ, 1945ರಿಂದ "ರುಸ್ಕೆ ಸ್ಲೊವೊ" ವಾರಪತ್ರಿಕೆ ಇದೆ, ನೊವಿಸಾದ್ ವಿಶ್ವವಿದ್ಯಾಲಯದಲ್ಲಿ ವಿಭಾಗ ಇದೆ. ವ್ಯಾಕರಣ 1923ರಲ್ಲೇ ಬಂತು, ಬರೆದವರು ಹವ್ರಿಯಿಲ್ ಕೊಸ್ತೆಲ್ನಿಕ್. ಊಹಿಸಿದಿರಲ್ಲ, ಪಾದ್ರಿ. ಸೋವಿಯತ್, ಪೋಲಿಷ್, ಜೆಕೊಸ್ಲೊವಾಕ್ ಸರಕಾರಗಳು ಹೆಸರನ್ನೇ ಅಳಿಸುತ್ತಿದ್ದ ನಲವತ್ತು ವರ್ಷ ಯುಗೊಸ್ಲಾವಿಯಾದಲ್ಲಿ ಮಾತ್ರ ಶಾಲೆ, ರೇಡಿಯೋ, ಪುಸ್ತಕ ನಡೆದವು.

ತಮಾಷೆ ಏನೆಂದರೆ ಅಲ್ಲಿಯ ಮಾತು ಪೂರ್ವ ಸ್ಲೊವಾಕಿಯಾದ ಆಡುನುಡಿಗೆ ಎಷ್ಟು ಹತ್ತಿರ ಅಂದರೆ, 2022ರಲ್ಲಿ ಅಂತರರಾಷ್ಟ್ರೀಯ ಭಾಷಾ ಸಂಕೇತಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸಂಕೇತವೇ ಸಿಕ್ಕಿತು. ಬೆಟ್ಟದ ರುಸಿನ್ ಬೇರೆ, ಬಯಲಿನ ರುಸಿನ್ ಬೇರೆ ಎಂದು ಕಾಗದದಲ್ಲಿ ಆಯಿತು.

ನೇತ್ರಾವತಿ_ಕೋಶಿತ್ಸೆ

ಅದಕ್ಕೆ ಇಲ್ಲಿ ಕೆಲವರಿಗೆ ಸಿಟ್ಟುಂಟು, ಇನ್ನೂ ಸಣ್ಣದಾಗಿ ಹೋಳು ಮಾಡಿದ್ರು ಅಂತ. ಕ್ರಸ್ತುರ್‌ನ ಹುಡುಗರು ಈಗ ಕೆನಡಾಕ್ಕೆ ಹೋಗಿ ಕೂತಿದ್ದಾರೆ ಬೇರೆ. ಸಸ್ಕಾಚುವಾನ್‌ನ ನಾರ್ತ್ ಬ್ಯಾಟಲ್‌ಫರ್ಡ್ ಅನ್ನುವ ಊರಲ್ಲಿ ಅವರದೇ ಒಂದು ಕೇರಿ ಆಗುವಷ್ಟು ಜನ ಇದ್ದಾರೆ.

ಕೆಂಪುಶಾಯಿ

ಹಳೆನಕ್ಷೆ ಅವರೇ, ನೇತ್ರಾವತಿ ಅವರೇ, ಒಂದು ಕೊನೇ ಪ್ರಶ್ನೆ. ಆ ಎರಡನೇ ಕಾಲಂನ 39,810 ಜನರಲ್ಲಿ ಮನೆಯಲ್ಲಿ ರುಸಿನ್ ಮಾತಾಡುವವರು ಎಷ್ಟಿರಬಹುದು? ನನ್ನ ವಾದವೆಲ್ಲ ಅಲ್ಲಿ ನಿಂತಿದೆ.

ನೇತ್ರಾವತಿ_ಕೋಶಿತ್ಸೆ

ಅಜ್ಜಿಯ ಮಗ ಮಾತಾಡ್ತಾನೆ, ಅಜ್ಜಿಯ ಹತ್ರ ಮಾತ್ರ. ಅವನ ಮಕ್ಕಳು ಉತ್ತರ ಕೊಡುದು ಸ್ಲೊವಾಕಿನಲ್ಲಿ. ನಿಮ್ಮ ವಾದ ಯಾವುದಕ್ಕೆ ನಿಂತಿದೆ ಅಂತ ಅದರಿಂದ ಲೆಕ್ಕ ಹಾಕಿ.